ಇಂಟರ್ನ್‌ಶಿಪ್ ಮುಗಿಸಿ ಹೊಂಟ ತಮ್ಮ-ತಂಗಿಯರಿಗೆ



ಈ ಬೇಸಿಗೆಯಲ್ಲಿ ಸಂಘಟನೆ ಕೆಲಸ ಕಲಿಯಬೇಕೆಂದು ವಿಜಯಪುರದ ಕಾಲೇಜು ಹುಡುಗ-ಹುಡುಗಿಯರು ನಮ್ಮ ಜೊತೆ ತಿಕೋಟಾ, ಬಬಲೇಶ್ವರ ಕಡೆ ಓಡಾಡಿದರು. ಮೊದಲ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕೇರಿಗೆ ಹೋದೆವು. ಯಾರದಾರ ಅಲ್ಲಿ? ಎಲ್ಲಾರೂ ಕೂಲಿಗೆ ಹೋಗ್ಯಾರ! ಮರುದಿನದಿಂದ ರಾತ್ರಿ ಎಂಟಕ್ಕೆ ಹೋಗತೊಡಗಿದೆವು.

ಒಬ್ಬ ಹುಡುಗಿ ಫಾರ್ಮ್ ಹಿಡಿದು "ನಿಮ್ಮ ಸಮಸ್ಯೆ ಏನ್ರಿ?" ಅಂದಳು. ದ್ರಾಕ್ಷಿ ತೋಟದ ಕೂಲಿ ಮುಗಿಸಿ ಆಗಷ್ಟೇ ಬಂದಿದ್ದ ಅವ್ವ ಅಂದಳು: "ಬರಕೊಂಡು ಹೋದವ್ರು ಭಾಳ ಮಂದಿ ಅದಾರವ್ವ, ಹೊಳ್ಳಿ ಬಂದವ್ರು ಯಾರದಾರ?" ಹುಡುಗಿ ಫಾರ್ಮ್ ಮಡಚಿಟ್ಟು ಅಲ್ಲೇ ಕಟ್ಟೆ ಮೇಲೆ ಕೂತಳು. ಎಷ್ಟೋ ಹೊತ್ತಿನ ಮೇಲೆ ಸ್ಮಶಾನದ ದಾರಿ ಮಾತು ಬಂತು. ಗ್ರಾಮಸಭೆಗೆ ಅರ್ಜಿ ಬರೆದದ್ದು ಅವಳು, ಸಹಿ-ಹೆಬ್ಬೆಟ್ಟು ಓಣಿಯವರದು.

1973ರ ಬೂಸಾ ಗಲಾಟೆಯಲ್ಲಿ ಏಟು ತಿಂದು ಎದ್ದು ನಿಂತವರು ಹಾಸ್ಟೆಲ್ ಹುಡುಗರು. ದಸಂಸ ಕಟ್ಟಿದ ಬಿ. ಕೃಷ್ಣಪ್ಪ ಭದ್ರಾವತಿಯ ಕಾಲೇಜು ಮೇಷ್ಟ್ರು. ಅವರಿಗೆ ಯಾರು ಕ್ರೆಡಿಟ್ ಕೊಟ್ಟಿದ್ದರು? ನೀವು ಅಂಕ ತಗೊಳ್ರಿ, ಬ್ಯಾಡ ಅನ್ನಂಗಿಲ್ಲ, ನಮ್ಮ ಮಕ್ಕಳಿಗೆ ಅದೂ ಬೇಕು. ಆದರೆ ಸರ್ಟಿಫಿಕೇಟ್ ಸ್ಟೇಟಸ್‌ಗೆ ಹಾಕಿ ಅರ್ಜಿ ಮರೆತರೆ ಆ ಅವ್ವ ಹೇಳಿದ್ದೇ ಖರೆ ಆಗ್ತದ.

ಅರ್ಜಿಗೆ ಇನ್ನೂ ಸ್ವೀಕೃತಿ ಕೊಟ್ಟಿಲ್ಲ. ಸೋಮವಾರ ಪಂಚಾಯ್ತಿಗೆ ಹೊಂಟೀವಿ. ಬರ್ತೀರಿಲ್ಲೋ?