ದಿನಕ್ಕೆ 346 ರೂಪಾಯಿಯ ಎಂಜಿನಿಯರ್

ಟೆಲಿಕಾಂ ಅಪ್ರೆಂಟಿಸ್‌ಗಳ ಸ್ಟೈಪೆಂಡ್ ಸಾಲದು ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಉಪದೇಶ ಶುರುವಾಗುತ್ತದೆ. ‘ಮೊದಲು ಕೆಲಸ ಕಲೀರಪ್ಪ, ದುಡ್ಡು ತಾನಾಗೇ ಹಿಂದೆ ಬರುತ್ತೆ.’ ಹೀಗೆ ಹೇಳುವವರಲ್ಲಿ ಒಬ್ಬರಾದರೂ ಒಂಬತ್ತು ಸಾವಿರ ರೂಪಾಯಿಯಲ್ಲಿ ಬೆಂಗಳೂರಿನ ಪಿ.ಜಿ. ಬಾಡಿಗೆ ಕಟ್ಟಿ, ಊಟ ಮಾಡಿ, ಬಸ್ಸಿಗೆ ಕೊಟ್ಟು, ಒಂದು ತಿಂಗಳು ಬದುಕಿ ತೋರಿಸಲಿ. ಆಮೇಲೆ ಅವರ ಉಪದೇಶ ಕೇಳೋಣ.

2019ರಲ್ಲಿ ತಿದ್ದುಪಡಿಯಾದ ನಿಯಮ ನಿಗದಿ ಮಾಡಿದ ಕನಿಷ್ಠ ಮೊತ್ತ ಇದು: ಬಿ.ಇ. ಮುಗಿಸಿದವರಿಗೆ ತಿಂಗಳಿಗೆ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000. ತಿಂಗಳ 26 ಕೆಲಸದ ದಿನಗಳಿಗೆ ಹಂಚಿದರೆ ಎಂಜಿನಿಯರ್ ಪಾಲಿಗೆ ದಿನಕ್ಕೆ 346 ರೂಪಾಯಿ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370. ಕೆರೆ ಹೂಳೆತ್ತುವವರಿಗೆ ಹೆಚ್ಚಾಯಿತು ಎಂಬ ಹೊಟ್ಟೆಕಿಚ್ಚು ನನಗಿಲ್ಲ, ಅವರಿಗೆ ಸಿಗುವುದೂ ಕಡಿಮೆಯೇ. ಆದರೆ ಸಾಲ ಮಾಡಿ ಮಗನನ್ನು ನಾಲ್ಕು ವರ್ಷ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಓದಿಸಿದ ರೈತನಿಗೆ ಈ ಲೆಕ್ಕವನ್ನು ಯಾವ ಮುಖ ಇಟ್ಟುಕೊಂಡು ವಿವರಿಸುವುದು?

ಇನ್ನೂ ಇದೆ. ಆ ಕನಿಷ್ಠ ಮೊತ್ತದಲ್ಲಿ ಅರ್ಧವನ್ನು ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆಯಡಿ ಕೇಂದ್ರ ಸರ್ಕಾರವೇ ಭರಿಸುತ್ತದೆ. ಕನಿಷ್ಠವನ್ನಷ್ಟೇ ಕೊಟ್ಟು ಕೈತೊಳೆದುಕೊಳ್ಳುವ ಕಂಪನಿಗೆ ಒಬ್ಬ ಎಂಜಿನಿಯರ್ ದಿನಕ್ಕೆ 173 ರೂಪಾಯಿಗೆ ಸಿಕ್ಕಂತಾಯಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್ ಮಂಡಳಿ ಸ್ಟೈಪೆಂಡನ್ನು ಶೇ 36ರಷ್ಟು ಏರಿಸಲು ಶಿಫಾರಸು ಮಾಡಿತು. ಶಿಫಾರಸಿನ ಹಂತಕ್ಕೆ ಬರುವುದಕ್ಕೇ ಆರು ವರ್ಷ ಹತ್ತಿರವಾಗಿತ್ತು. ಆ ಆರು ವರ್ಷ ಅಕ್ಕಿ, ಎಣ್ಣೆ, ಬಾಡಿಗೆ ಯಾವುದೂ ಕಾದು ಕೂರಲಿಲ್ಲ.

‘ಅದು ಸಂಬಳವಲ್ಲ, ತರಬೇತಿ ಭತ್ಯೆ’ ಎನ್ನುತ್ತಾರೆ. ಯಾವ ತರಬೇತಿ? ನಾನು ಒಂದು ಗುತ್ತಿಗೆ ಕಂಪನಿಯಲ್ಲಿ ಅಪ್ರೆಂಟಿಸ್ ಆಗಿದ್ದ ವರ್ಷದ ಮೊದಲ ಎಂಟು ತಿಂಗಳು ನನ್ನ ಕೈಗೆ ಒಟಿಡಿಆರ್ ಕೊಡಲೇ ಇಲ್ಲ. ಫೈಬರ್ ಎಷ್ಟು ದೂರದಲ್ಲಿ ತುಂಡಾಗಿದೆ ಎಂದು ಬೆಳಕು ಹಾಯಿಸಿ ತೋರಿಸುವ ಯಂತ್ರ ಅದು. ‘ದುಬಾರಿ ಮಾಲು, ಹಾಳು ಮಾಡಿಬಿಡ್ತೀಯ’ ಅಂದರು. ಆದರೆ ನಡುರಾತ್ರಿ ಕರೆಂಟ್ ಹೋಗಿ ಘಟ್ಟದ ಮೇಲಿನ ಟವರ್ ಸತ್ತಾಗ, ಜಾರುವ ದಾರಿಯಲ್ಲಿ ಜನರೇಟರಿಗೆ ಡೀಸೆಲ್ ಕ್ಯಾನ್ ಹೊರಲು ನನ್ನನ್ನೇ ಕಳಿಸಿದರು. ಜೆಸಿಬಿ ರಸ್ತೆ ಅಗೆದು ಕೇಬಲ್ ಕತ್ತರಿಸಿದ ದಿನ ಮಳೆಯಲ್ಲಿ ತಾಡಪಾಲು ಹಿಡಿದು ನಿಂತವನೂ ನಾನೇ. ಅದರ ಕೆಳಗೆ ಸ್ಪ್ಲೈಸರ್ ಕೂದಲೆಳೆಯಂಥ 24 ಕೋರ್‌ಗಳನ್ನು ಒಂದೊಂದಾಗಿ ಬೆಸೆಯುತ್ತಿದ್ದ. ನನಗೆ ಕಲಿಸಬೇಕಾಗಿದ್ದ ವಿದ್ಯೆ ಅದೇ. ನಾನು ಕಲಿತದ್ದು ತಾಡಪಾಲು ಹಿಡಿಯುವುದನ್ನು.

ಕಾನೂನು ಏನು ಹೇಳುತ್ತದೆ ನೋಡಿ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅಪ್ರೆಂಟಿಸ್ ಕಲಿಯುವವನು, ಕಾರ್ಮಿಕನಲ್ಲ. ಹಾಗಾಗಿ ಪಿ.ಎಫ್. ಇಲ್ಲ, ಇ.ಎಸ್.ಐ. ಇಲ್ಲ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಡ್ಡಾಯವೂ ಇಲ್ಲ. ಕೆಲಸದಲ್ಲಿ ಪೆಟ್ಟಾದರೆ ಮಾತ್ರ ಕಾರ್ಮಿಕನಿಗೆ ಕೊಡುವಂತೆಯೇ ಪರಿಹಾರ ಕೊಡಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಟವರ್ ಮೇಲಿಂದ ಬಿದ್ದರೆ ಕಾರ್ಮಿಕ, ಇಳಿದು ಬಂದು ಸಂಬಳ ಕೇಳಿದರೆ ವಿದ್ಯಾರ್ಥಿ. ಈ ಕಾಯ್ದೆಯನ್ನು ಉಲ್ಲಂಘಿಸಿದ ಕಂಪನಿಗಳಿಗೆ ಮೊದಲು ಜೈಲಿನ ಭಯವಾದರೂ ಇತ್ತು. 2014ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು, ಈಗ ದಂಡ ಕಟ್ಟಿದರೆ ಮುಗಿಯಿತು.

ನನ್ನ ಸಿಟ್ಟು ಸ್ಟೈಪೆಂಡಿಗಷ್ಟೇ ನಿಲ್ಲುವುದಿಲ್ಲ. ಈ ದೇಶ ಟೆಲಿಕಾಂ ಕೆಲಸ ಬಲ್ಲ ಕೈಗಳನ್ನೇ ಕಸದಂತೆ ಗುಡಿಸಿ ಹಾಕಿದೆ. 2020ರ ಜನವರಿ 31ರಂದು ಒಂದೇ ದಿನ ಬಿಎಸ್‌ಎನ್‌ಎಲ್‌ನಿಂದ 78 ಸಾವಿರಕ್ಕೂ ಹೆಚ್ಚು ಜನ ಸ್ವಯಂ ನಿವೃತ್ತಿ ಹೆಸರಿನಲ್ಲಿ ಹೊರನಡೆದರು. ಯಾವ ಊರಿನ ಯಾವ ಮೋರಿಯ ಕೆಳಗೆ ಯಾವ ಕೇಬಲ್ ಹಾದಿದೆ ಎಂಬುದು ಆ ಲೈನ್‌ಮನ್‌ಗಳ, ಜಾಯಿಂಟರ್‌ಗಳ ತಲೆಯಲ್ಲಿತ್ತು. ಅದನ್ನು ಹೊಸಬರಿಗೆ ಹೇಳಿಕೊಡಲು ಒಂದು ವರ್ಷವಾದರೂ ಅವರನ್ನು ಉಳಿಸಿಕೊಳ್ಳಬೇಕು ಎಂದು ಯಾರಿಗೂ ಅನ್ನಿಸಲಿಲ್ಲ. ಗುರುಗಳನ್ನು ಮನೆಗೆ ಕಳಿಸಿ, ಶಿಷ್ಯರನ್ನು ಅಗ್ಗದ ದರಕ್ಕೆ ತಂದು, ಅದಕ್ಕೆ ‘ಕೌಶಲ ಭಾರತ’ ಎಂದು ಹೆಸರಿಟ್ಟರೆ ಕೌಶಲ ಎಲ್ಲಿಂದ ಬರಬೇಕು?

ನಮ್ಮ ರಾಜ್ಯಕ್ಕಂತೂ ಇದು ಅವಮಾನ. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ, ದೂರವಾಣಿ ಉಪಕರಣ ತಯಾರಿಸುವ ಐಟಿಐ, 1948ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಅದರಿಂದಲೇ ದೂರವಾಣಿನಗರ ಎಂಬ ಊರು ಬೆಳೆಯಿತು. ಸರ್ಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ತಯಾರಿಸಿದ 128 ಲೈನಿನ ಗ್ರಾಮೀಣ ವಿನಿಮಯ ಕೇಂದ್ರ 1986ರಲ್ಲಿ ಮೊದಲು ದನಿಗೂಡಿದ್ದು ನಮ್ಮ ಕಿತ್ತೂರಿನಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ದೇಶ ಸ್ವದೇಶಿ 4ಜಿ ಜಾಲವನ್ನು ಹೆಮ್ಮೆಯಿಂದ ಉದ್ಘಾಟಿಸಿತು. ಅದಕ್ಕೆ ರೇಡಿಯೊ ಉಪಕರಣ ಕೊಟ್ಟದ್ದೂ ಬೆಂಗಳೂರಿನ ಕಂಪನಿಯೇ. ಆ ಹೆಮ್ಮೆಯಲ್ಲಿ ನನಗೂ ಪಾಲಿದೆ. ಆದರೆ ಟವರಿಗೆ ಆಂಟೆನಾ ಏರಿಸಿ, ಅದರ ಕೋನ ತಿದ್ದಿ, ಸಿಗ್ನಲ್ ಬಂತೇ ಎಂದು ಊರೂರು ಅಲೆದು ಅಳೆಯುವ ಹುಡುಗ ಹುಡುಗಿಯರಿಗೆ ಕೂಲಿಗಿಂತ ಕಡಿಮೆ ಕೊಟ್ಟು ಯಾವ ಸ್ವಾವಲಂಬನೆಯನ್ನೂ ಕಟ್ಟಲಾಗದು.

ನಾನು ಕೇಳುವುದು ಮೂರೇ ಮೂರು. ಸ್ಟೈಪೆಂಡ್ ರಾಜ್ಯದ ಕನಿಷ್ಠ ವೇತನಕ್ಕಿಂತ ಒಂದು ರೂಪಾಯಿಯೂ ಕಡಿಮೆ ಇರಬಾರದು, ಅದು ಪ್ರತಿವರ್ಷ ಬೆಲೆಯೇರಿಕೆಯ ಜೊತೆಗೇ ಏರಬೇಕು. ಪ್ರಮಾಣಪತ್ರ ಕೊಡುವ ಮುನ್ನ ಆ ಅಭ್ಯರ್ಥಿ ಎಷ್ಟು ಸ್ಪ್ಲೈಸ್ ಮಾಡಿದ, ಎಷ್ಟು ದೋಷ ಹುಡುಕಿದ, ಎಷ್ಟು ಸೈಟ್ ಚಾಲೂ ಮಾಡಿದ ಎಂಬುದನ್ನು ಹೊರಗಿನ ಪರೀಕ್ಷಕರು ಕೈಯಾರೆ ಮಾಡಿಸಿ ನೋಡಬೇಕು. ಕಲಿಸದ ಕಂಪನಿಗೆ ಸರ್ಕಾರದ ಅರ್ಧ ಪಾಲು ನಿಲ್ಲಬೇಕು. ಕೊನೆಯದಾಗಿ, ರೈಲ್ವೆ ತನ್ನ ಲೆವೆಲ್-1 ನೇಮಕಾತಿಯಲ್ಲಿ ಶೇ 20ರಷ್ಟು ಹುದ್ದೆಗಳನ್ನು ತರಬೇತಿ ಮುಗಿಸಿದ ಅಪ್ರೆಂಟಿಸ್‌ಗಳಿಗೆ ಇಟ್ಟಿದೆ. ಆ ಪದ್ಧತಿ ಟೆಲಿಕಾಂಗೂ ಬರಬೇಕು.

‘ಮೊದಲು ಕಲೀರಪ್ಪ’ ಎನ್ನುವವರಿಗೆ ನನ್ನದೊಂದೇ ಮಾತು. ಹಾಗಿದ್ದರೆ ಮೊದಲು ಕಲಿಸಿ. ಒಟಿಡಿಆರ್ ಅನ್ನು ಕಲಿಯಲು ಬಂದ ಹುಡುಗಿಯ ಕೈಗೆ ಕೊಡಿ, ಹಾಳಾದರೂ ಪರವಾಗಿಲ್ಲ ಎಂದು ಪಕ್ಕದಲ್ಲಿ ನಿಲ್ಲಿ. ಕಲಿಸಲು ಪುರುಸೊತ್ತಿಲ್ಲ, ಟವರ್ ಮಾತ್ರ ಏಳಬೇಕು, ಕೇಬಲ್ ಮಾತ್ರ ಕೂಡಬೇಕು ಎನ್ನುವುದಾದರೆ ಅದು ಕೆಲಸ. ಕೆಲಸಕ್ಕೆ ಸಂಬಳ ಕೊಡಿ.