ಹಳೆಯ ಜೀಪೂ ನಮ್ಮ ಒಣ ಜಂಬವೂ

ಸಂಘದ ಕಾರ್ಯಕ್ರಮ ಮುಗಿದು ಊಟಕ್ಕೆ ಕುಳಿತಾಗ ನಮ್ಮವರು ಆಡುವ ಮಾತುಗಳಲ್ಲಿ ಈಚೆಗೆ ಹಳೆಯ ಜೀಪೂ ಸೇರಿಕೊಂಡಿದೆ. ಚಿಕ್ಕಮಗಳೂರಿನಲ್ಲೋ ಶಿರಸಿಯಲ್ಲೋ ತಂದೆಯವರು ಬಿಟ್ಟುಹೋದ ಮಹೀಂದ್ರ ಜೀಪು ಒಬ್ಬರದಾದರೆ, ಎಂದೋ ಹರಾಜಿನಲ್ಲಿ ಕೊಂಡು ಸೊಸೈಟಿಯ ಮೂಲೆಯಲ್ಲಿ ನಿಲ್ಲಿಸಿದ ಜಿಪ್ಸಿ ಇನ್ನೊಬ್ಬರದು. ಅದನ್ನೇನು ಮಾಡುವುದು ಎಂದು ಕೇಳಿದರೆ ಎರಡೇ ಉತ್ತರ ಬರುತ್ತದೆ. ಹಿರಿಯರು "ಗುಜರಿಗೆ ಹಾಕಿಬಿಡಿ" ಎನ್ನುತ್ತಾರೆ. ಕಿರಿಯರು "ಮಾಡಿಫೈ ಮಾಡಿಸೋಣ" ಎನ್ನುತ್ತಾರೆ. "ಭಾನುವಾರ ನಾನೇ ಬಿಚ್ಚಿ ನೋಡುತ್ತೇನೆ" ಎನ್ನುವವರು ಮಾತ್ರ ಯಾರೂ ಇಲ್ಲ. ಮೊದಲಿನ ಎರಡೂ ಉತ್ತರಗಳು ತಪ್ಪು, ಮೂರನೆಯದೇ ಸರಿ ಎಂಬುದು ನನ್ನ ವಾದ. ಇದರಿಂದ ಕೆಲವರಿಗೆ ಬೇಸರವಾದೀತು. ಆದರೂ ಹೇಳಬೇಕಾಗಿದೆ.

ಮೊದಲು ಗುಜರಿಯ ಮಾತು. ಈ ಪದ ನಮ್ಮಲ್ಲೂ ಇದೆ, ನಾವು ಬಂದು ನೆಲೆಸಿದ ಈ ನಾಡಿನಲ್ಲೂ ಇದೆ. ಅಹಮದಾಬಾದಿನ ಎಲ್ಲಿಸ್ ಬ್ರಿಡ್ಜ್ ಬಳಿ ಸಾಬರಮತಿಯ ದಂಡೆಯಲ್ಲಿ ಪ್ರತಿ ಭಾನುವಾರ ಸೇರುವ ಸಂತೆಗೆ ಗುಜರಿ ಬಜಾರ್ ಎಂದೇ ಹೆಸರು. ಆದರೆ ಎರಡು ಕಡೆಯ ಅರ್ಥದಲ್ಲಿ ವ್ಯತ್ಯಾಸವಿದೆ. ನಮ್ಮ ಬಾಯಲ್ಲಿ ಗುಜರಿ ಎಂದರೆ ವಸ್ತುವಿನ ಕಥೆ ಮುಗಿಯಿತೆಂದು ಅರ್ಥ. ಇಲ್ಲಿನ ಗುಜರಿ ಬಜಾರಿನಲ್ಲಿ ಅದರ ಎರಡನೆಯ ಕಥೆ ಆರಂಭವಾಗುತ್ತದೆ. ಹಳೆಯ ಸ್ಪ್ಯಾನರು, ಇಕ್ಕಳ, ವೈಸುಗಳನ್ನು ಅಲ್ಲಿ ಕೊಳ್ಳುವವನು ಅದನ್ನು ಮನೆಗೆ ಒಯ್ದು ತುಕ್ಕು ಉಜ್ಜಿ ಕೆಲಸಕ್ಕೆ ಹಚ್ಚುತ್ತಾನೆ. ಇಷ್ಟು ವರ್ಷ ಇಲ್ಲಿದ್ದು ಡೋಕ್ಳಾ ತಿನ್ನಲು ಕಲಿತ ನಾವು ಈ ಗುಣವನ್ನು ಮಾತ್ರ ಕಲಿಯಲಿಲ್ಲ.

ಇನ್ನು ಸರ್ಕಾರದ ನೀತಿ. ನಾನು ಕೇಂದ್ರ ಸರ್ಕಾರದ ಗುಮಾಸ್ತ. ಸರ್ಕಾರವನ್ನು ಟೀಕಿಸಬಾರದೆಂದು 1964ರ ನಡತೆ ನಿಯಮಗಳು ಹೇಳುತ್ತವೆ. ಆದ್ದರಿಂದ ಟೀಕೆ ಮಾಡುವುದಿಲ್ಲ, ದಿನಾಂಕ ಮತ್ತು ಅಂಕಿಗಳನ್ನಷ್ಟೇ ಓದಿ ಹೇಳುತ್ತೇನೆ. ಹಳೆಯ ವಾಹನಗಳನ್ನು ಒಡೆದುಹಾಕುವ ನೀತಿಯನ್ನು ಪ್ರಧಾನಿಯವರು 13-8-2021ರಂದು ಘೋಷಿಸಿದ್ದು ಗುಜರಾತಿನಲ್ಲಿ ನಡೆದ ಹೂಡಿಕೆದಾರರ ಸಮಾವೇಶದಲ್ಲಿಯೇ. ಖಾಸಗಿ ಕಾರು, ಜೀಪುಗಳ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಇದರ ಶುಲ್ಕ 1-4-2022ರಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದವುಗಳಿಗೆ 2025ರ ಆಗಸ್ಟ್‌ನಲ್ಲಿ ಅದು 10,000 ಆಯಿತು. ಚೆನ್ನಾಗಿ ನೋಡಿಕೊಂಡ ಜೀಪಿಗೂ ಹೊಗೆ ಕಾರುವ ಜೀಪಿಗೂ ವಯಸ್ಸು ಒಂದೇ ಆದರೆ ಶುಲ್ಕವೂ ಒಂದೇ. ಇದರ ಮೇಲೆ ಓದುಗರು ತಮಗೆ ತೋಚಿದ ತೀರ್ಮಾನಕ್ಕೆ ಬರಬಹುದು.

ಆದರೆ ಗಮನಿಸಿ: ಗುಜರಾತಿನಲ್ಲಾಗಲಿ ಕರ್ನಾಟಕದಲ್ಲಾಗಲಿ 15 ವರ್ಷವಾಯಿತೆಂದು ಖಾಸಗಿ ಜೀಪನ್ನು ಒಡೆಯಲೇಬೇಕೆಂಬ ಕಾನೂನಿಲ್ಲ. 1-4-2023ರಿಂದ ನವೀಕರಣ ನಿಂತದ್ದು ಸರ್ಕಾರಿ ವಾಹನಗಳಿಗೆ, ಅದೂ ರಕ್ಷಣೆ ಮುಂತಾದ ವಿಶೇಷ ಕೆಲಸದವನ್ನು ಬಿಟ್ಟು. ನಮ್ಮವರು ಅರ್ಧ ಸುದ್ದಿ ಕೇಳಿ ಪೂರ್ತಿ ಹೆದರುತ್ತಾರೆ. ನಮೂನೆ 25 ತುಂಬಿ, ವಾಹನವನ್ನು ತಪಾಸಣೆಗೆ ಒಪ್ಪಿಸಿದರೆ, ಅದು ಯೋಗ್ಯವಾಗಿದ್ದರೆ ನವೀಕರಣವಾಗುತ್ತದೆ. ಊರಿನ ಜೀಪನ್ನು ಇಲ್ಲಿಗೆ ತಂದವರು ಇನ್ನೊಂದನ್ನು ತಿಳಿದಿರಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರು ಪಡೆಯಬೇಕು. ಅದಕ್ಕೆ ಊರಿನ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಕೆ.ಎ. ನಂಬರಿನ ಅಭಿಮಾನ ಒಳ್ಳೆಯದೇ, ಆದರೆ ಅದು ಕಾನೂನಿಗೆ ಮಿಗಿಲಲ್ಲ.

ಚಾಸಿಯೇ ತುಕ್ಕು ಹಿಡಿದು ತೂತಾಗಿದ್ದರೆ, ಏನು ಮಾಡಿದರೂ ಹೊಗೆ ತಪಾಸಣೆಯಲ್ಲಿ ಪಾಸಾಗದಿದ್ದರೆ, ಅಂಥ ಜೀಪನ್ನು ಅಧಿಕೃತ ಕೇಂದ್ರದಲ್ಲಿ ಒಡೆಯಲು ಕೊಡುವುದೇ ಸರಿ. ಹಳೆಯದೆಂಬ ಮಮತೆಯಿಂದ ರಸ್ತೆಯ ಮೇಲಿನ ಇತರರ ಪ್ರಾಣದ ಜೊತೆ ಆಟವಾಡಬಾರದು. ಆದರೆ ನಮ್ಮವರ ಜೀಪುಗಳು ಹಾಳಾಗುವುದು ಬಹುಪಾಲು ವಯಸ್ಸಿನಿಂದಲ್ಲ, ಅಲಕ್ಷ್ಯದಿಂದ. ಗ್ರೀಸ್ ಕಾಣದ ಕಿಂಗ್ ಪಿನ್ ಬೇರಿಂಗ್, ವರ್ಷಗಟ್ಟಲೆ ಬದಲಾಯಿಸದ ಬ್ರೇಕ್ ಆಯಿಲ್, ಬಿರುಕು ಬಿಟ್ಟ ರಬ್ಬರ್ ಪೈಪು, ಇವು ಮುಪ್ಪಿನ ಕಾಯಿಲೆಗಳಲ್ಲ, ಸೋಮಾರಿತನದ ಕಾಯಿಲೆಗಳು.

ಮಹೀಂದ್ರದವರು ಸ್ವಾತಂತ್ರ್ಯದ ಕಾಲಕ್ಕೆ ವಿಲ್ಲೀಸ್ ಜೀಪಿನಿಂದ ಆರಂಭಿಸಿ ಸಿಜೆ-3ಬಿ, ಎಂಎಂ-540 ಮುಂತಾಗಿ ಹಲವು ಮಾದರಿಗಳನ್ನು ತಯಾರಿಸಿದರು. ಮಾರುತಿಯ ಜಿಪ್ಸಿ 1985ರ ಕೊನೆಗೆ ಬಂತು. ವಿಲ್ಲೀಸ್ ಜೀಪನ್ನು ರೂಪಿಸಿದ್ದೇ ಎರಡನೆಯ ಮಹಾಯುದ್ಧದ ಸೈನಿಕರಿಗಾಗಿ. ಯುದ್ಧಭೂಮಿಯಲ್ಲಿ, ಕೆಲವೇ ಸಲಕರಣೆಗಳಿಂದ, ಸಾಮಾನ್ಯ ಸಿಪಾಯಿ ರಿಪೇರಿ ಮಾಡಿಕೊಳ್ಳಬೇಕೆಂಬುದು ಉದ್ದೇಶವಾಗಿತ್ತು. ಅದರಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಎಸ್.ಎಸ್.ಎಲ್.ಸಿ. ದಾಟದ ಸಿಪಾಯಿ ಮಾಡಿದ ಕೆಲಸವನ್ನು ಬಿ.ಎಸ್ಸಿ. ಓದಿದ ನಾವು ಮಾಡಲಾರೆವೆ?

ಈ ಸರಳತೆಯ ಬೆಲೆ ಪ್ರವಾಹ ಬಂದಾಗ ತಿಳಿಯುತ್ತದೆ. 2006ರ ಆಗಸ್ಟ್‌ನಲ್ಲಿ ತಾಪಿ ನದಿ ಉಕ್ಕಿ ಸೂರತ್ ಮುಳುಗಿತು. 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ಉಕ್ಕಿ ವಡೋದರಾದ ಬಡಾವಣೆಗಳಿಗೆ ನುಗ್ಗಿತು. ಹೊಸ ಕಾರಿಗೆ ನೀರು ನುಗ್ಗಿದರೆ ವೈರಿಂಗು, ಎಲೆಕ್ಟ್ರಾನಿಕ್ಸ್ ಕೆಟ್ಟು ಮಾಲೀಕನು ವಿಮೆಯವರ ದಾರಿ ಕಾಯಬೇಕಾಗುತ್ತದೆ. ಹಳೆಯ ಜೀಪಿಗೆ ಮನೆಯಲ್ಲಿಯೇ ಚಿಕಿತ್ಸೆ ಸಾಧ್ಯ. ಮುಳುಗಿದ ಎಂಜಿನ್ನನ್ನು ಆತುರದಿಂದ ಸ್ಟಾರ್ಟ್ ಮಾಡಬಾರದು, ಬ್ಯಾಟರಿ ವೈರು ಕಳಚಬೇಕು. ಎಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಹಿಂದಿನ ಮುಂದಿನ ಡಿಫರೆನ್ಷಿಯಲ್ ಇವುಗಳ ಎಣ್ಣೆ ನೋಡಬೇಕು. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಅದನ್ನು ಇಳಿಸಿ ಹೊಸದು ಹಾಕಬೇಕು. ಚಕ್ರ ಬಿಚ್ಚಿ ಡ್ರಮ್ಮಿನೊಳಗಿನ ಕೆಸರು ತೊಳೆದು, ಬೇರಿಂಗಿಗೆ ಹೊಸ ಗ್ರೀಸ್ ತುಂಬಬೇಕು. ಮುಂದಿನ ಆಕ್ಸಲ್ಲಿಗೂ ಎಣ್ಣೆ ಉಂಟೆಂಬುದನ್ನೇ ಮರೆಯುವವರು ನಮ್ಮಲ್ಲಿದ್ದಾರೆ.

ಇನ್ನು ಮಾಡಿಫಿಕೇಶನ್ ಪ್ರಿಯರ ಸರದಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಇವರಿಗಾಗಿಯೇ ಹುಟ್ಟಿರಬೇಕು. ಬ್ರೇಕ್ ಸಿಲಿಂಡರ್ ಸೋರುತ್ತಿರುತ್ತದೆ, ಮೇಲೆ ಆರು ಲೈಟು. ಸ್ಟಿಯರಿಂಗಿನಲ್ಲಿ ಎರಡು ಅಂಗುಲ ಆಟ, ಕೆಳಗೆ ಬೋಗುಣಿಯಂಥ ಟೈರು. ಲೆಕ್ಕ ನೋಡಿ. ಹಳೆಯ ಜೀಪಿನ ಟೈರಿನ ವ್ಯಾಸ ಸುಮಾರು 28 ಅಂಗುಲ. ಅದಕ್ಕೆ 33 ಅಂಗುಲದ್ದನ್ನು ಹಾಕಿದರೆ ಸ್ಪೀಡೋಮೀಟರ್ 50 ತೋರಿಸುವಾಗ ಜೀಪು ನಿಜವಾಗಿ ಓಡುವುದು 59ರಲ್ಲಿ. ಬ್ರೇಕಿನ ಶಕ್ತಿ ಅಷ್ಟೇ ಇದ್ದು ಚಕ್ರದ ತ್ರಿಜ್ಯ ಹೆಚ್ಚಿದ್ದರಿಂದ ನೆಲದ ಮೇಲೆ ಅದರ ಹಿಡಿತ ನೂರಕ್ಕೆ 15ರಷ್ಟು ಕಡಿಮೆ. ವೇಗ ಹೆಚ್ಚು, ಬ್ರೇಕು ಕಡಿಮೆ! ಬಾಡಿಯನ್ನೂ ಎತ್ತರಿಸಿದರೆ ಗುರುತ್ವ ಕೇಂದ್ರ ಮೇಲೇರಿ ತಿರುವಿನಲ್ಲಿ ಉರುಳುವ ಭಯ. ಸ್ಪ್ರಿಂಗನ್ನು ಎತ್ತರಿಸಿದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಹೆಚ್ಚಿ ಜಾಯಿಂಟುಗಳು ಸವೆಯುತ್ತವೆ. ಇದು ಪಿ.ಯು.ಸಿ. ಭೌತಶಾಸ್ತ್ರ, ಗ್ಯಾರೇಜಿನ ಗುಟ್ಟಲ್ಲ.

ನಾಲ್ಕು ಚಕ್ರದ ಗೇರಿನದೂ ಇದೇ ಕಥೆ. ಈ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಕೆಸರಿನಲ್ಲಿ, ಮರಳಿನಲ್ಲಿ ಚಕ್ರ ಜಾರಿ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರುವಂತಿಲ್ಲ, ಎಲ್ಲ ಬಿಗಿತವೂ ಶಾಫ್ಟು, ಗೇರುಗಳ ಮೇಲೆ. ಹೀಗಿರುವಾಗ ಎಸ್.ಜಿ. ಹೈವೇಯಲ್ಲಿ ಸ್ನೇಹಿತರಿಗೆ ತೋರಿಸಲು ಆ ಲಿವರ್ ಎಳೆಯುವ ತರುಣರಿಗೆ ಏನು ಹೇಳೋಣ? ಮುಂದೊಂದು ಅಳತೆ, ಹಿಂದೊಂದು ಅಳತೆ ಟೈರು ಹಾಕಿದವರಿಗಂತೂ ನೇರ ರಸ್ತೆಯಲ್ಲೂ ಇದೇ ಗತಿ.

ಕಾನೂನೂ ಇವರ ಪರವಾಗಿಲ್ಲ. ತಯಾರಕರು ಮೊದಲು ನಮೂದಿಸಿದ್ದಕ್ಕೆ ನೋಂದಣಿ ಪತ್ರದ ವಿವರ ಭಿನ್ನವಾಗುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಂ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಮುಂಭಾಗಕ್ಕೆ ಕಟ್ಟುವ ಕಬ್ಬಿಣದ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರವು 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆದಿದೆ. 2021ರ ವಿಂಟೇಜ್ ನಿಯಮಗಳು 50 ವರ್ಷ ದಾಟಿದ ವಾಹನಕ್ಕೆ ಗೌರವ ಕೊಡುವುದು ಅದು ಮೂಲರೂಪದಲ್ಲಿದ್ದರೆ ಮಾತ್ರ. ರಿಪೇರಿಗೆ ಯಾವ ಕಾನೂನೂ ಅಡ್ಡಿಯಿಲ್ಲ, ವೇಷಕ್ಕೆ ಇದೆ ಎಂಬುದು ಇದರ ಸಾರಾಂಶ.

ಈಗ ಆಕ್ಷೇಪಣೆಗಳಿಗೆ ಉತ್ತರ. "ಪುರಸೊತ್ತಿಲ್ಲ" ಎನ್ನುವವರಿಗೆ ಕ್ರಿಕೆಟ್ ಪಂದ್ಯ ನೋಡಲು ಪುರಸೊತ್ತಿದೆ. "ಮೆಕ್ಯಾನಿಕ್ಕಿನ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ" ಎನ್ನುವವರ ಕರುಣೆ ಅವನ ಬಿಲ್ಲಿನ ಮೇಲೆ ಚೌಕಾಸಿ ಮಾಡುವಾಗ ಎಲ್ಲಿ ಹೋಗಿರುತ್ತದೆ? ವೆಲ್ಡಿಂಗು, ಲೇತಿನ ಕೆಲಸ, ಡೀಸೆಲ್ ಪಂಪು, ಕ್ರೌನ್ ಗೇರಿನ ಹೊಂದಾಣಿಕೆ ಇವೆಲ್ಲ ಅವನದೇ. ನಾವು ವಿಷಯ ತಿಳಿದವರಾದರೆ ಒಳ್ಳೆಯ ಮೇಸ್ತ್ರಿಗೆ ಸಂತೋಷವೇ, ಕಳ್ಳ ಮೇಸ್ತ್ರಿಗೆ ಮಾತ್ರ ನಷ್ಟ. "ಅಪಾಯ" ಎನ್ನುವವರ ಮಾತಿನಲ್ಲಿ ಸತ್ಯವಿದೆ. ಬರೀ ಜಾಕಿಯನ್ನು ನಂಬಿ ಜೀಪಿನ ಕೆಳಗೆ ಯಾರೂ ತೂರಬಾರದು. ಗಟ್ಟಿ ನೆಲ, ಚಕ್ರಕ್ಕೆ ಅಡ್ಡಗಟ್ಟೆ, ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡು ಕಡ್ಡಾಯ. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಆ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಇಳಿಸಿದ ಎಣ್ಣೆಯನ್ನು ಚರಂಡಿಗೆ ಸುರಿದು ಸಾಬರಮತಿಗೋ ತಾಪಿಗೋ ಸೇರಿಸದೆ, ಅಧಿಕೃತವಾಗಿ ಕೊಳ್ಳುವವರಿಗೆ ಕೊಡಬೇಕು. ಮೊದಮೊದಲು ಬ್ರೇಕು, ಸ್ಟಿಯರಿಂಗಿನ ಕೆಲಸವನ್ನು ಬಲ್ಲವರ ಎದುರಿನಲ್ಲಿಯೇ ಮಾಡಬೇಕು. ಹಳೆಯ ಮಾದರಿಗಳಲ್ಲಿ ನಾಲ್ಕೂ ಚಕ್ರಕ್ಕೆ ಬ್ರೇಕಿನ ಲೈನು ಒಂದೇ. ಒಂದು ಕಡೆ ಸೋರಿದರೆ ಪೆಡಲ್ಲು ಪೂರ್ತಿ ಕೆಳಗಿಳಿಯುತ್ತದೆ.

ಕೊನೆಯ ಆಕ್ಷೇಪಣೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಕೈ ಮಸಿಯಾದರೆ ಸೊಸೈಟಿಯವರು ಏನೆಂದುಕೊಂಡಾರು?" ನಿಜವಾದ ರೋಗ ಇದೇ. ಬಸವ ಜಯಂತಿಯಂದು ನಮ್ಮ ವೇದಿಕೆಗಳಲ್ಲಿ ಕಾಯಕದ ಮೇಲೆ ಗಂಟೆಗಟ್ಟಲೆ ಭಾಷಣವಾಗುತ್ತದೆ. ಹೊರಗೆ ಬಂದಾಗ ಟೈರು ಪಂಕ್ಚರಾಗಿದ್ದರೆ ಭಾಷಣಕಾರರು ಫೋನು ತೆಗೆಯುತ್ತಾರೆ, ಸ್ಟೆಪ್ನಿ ತೆಗೆಯುವುದಿಲ್ಲ. ಮನೆಯ ಹೆಂಗಸರು ಕುಕ್ಕರಿನ ಗ್ಯಾಸ್ಕೆಟ್ಟನ್ನು ತಾವೇ ಬದಲಾಯಿಸಿಕೊಳ್ಳುತ್ತಾರೆ, ಯಾವ ಮೆಕ್ಯಾನಿಕ್ಕನ್ನೂ ಕರೆಯುವುದಿಲ್ಲ. ಪದವೀಧರ ಗಂಡಸರಿಗೆ ಮಾತ್ರ ಸ್ಪ್ಯಾನರ್ ಹಿಡಿಯಲು ಮರ್ಯಾದೆ ಅಡ್ಡ ಬರುತ್ತದೆ. ಕೈಯನ್ನು ಕೀಳೆಂದು ತಿಳಿದವನಿಗೆ ಹಳೆಯ ವಸ್ತುವನ್ನು ಎಸೆಯುವುದು ಅಥವಾ ದುಡ್ಡು ಕೊಟ್ಟು ಶೃಂಗರಿಸುವುದು, ಈ ಎರಡೇ ದಾರಿ ಉಳಿಯುತ್ತದೆ. ಮಕ್ಕಳು ನಮ್ಮಿಂದ ಕಲಿಯುವುದೂ ಇದನ್ನೇ. ಎಂಜಿನಿಯರಿಂಗ್ ಸೀಟಿಗೆ ಲಕ್ಷಗಟ್ಟಲೆ ಸುರಿಯುವ ನಾವು, ಮನೆಯ ಮುಂದೆ ಪುಕ್ಕಟೆ ನಿಂತಿರುವ ಪ್ರಯೋಗಶಾಲೆಯನ್ನು ತೂಕದ ಲೆಕ್ಕದಲ್ಲಿ ಮಾರುತ್ತೇವೆ.

ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಗೆ ಒಂದು ಸಲಹೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ, ಸದಸ್ಯರೊಬ್ಬರ ಹಳೆಯ ಜೀಪನ್ನೋ ಕಾರನ್ನೋ ನಡುವೆ ನಿಲ್ಲಿಸಿ, ತಕ್ಕ ಸಂಭಾವನೆ ಕೊಟ್ಟು ಒಬ್ಬ ಅನುಭವಿ ಮೇಸ್ತ್ರಿಯನ್ನು ಗುರುವಾಗಿ ಕರೆಸೋಣ. ಹುಡುಗರಷ್ಟೇ ಅಲ್ಲ, ಹುಡುಗಿಯರೂ ಬರಲಿ. ಮೊದಲ ತಿಂಗಳು ಚಕ್ರ ಬದಲಾಯಿಸುವುದು, ಎರಡನೆಯ ತಿಂಗಳು ಎಣ್ಣೆ ಮತ್ತು ಗ್ರೀಸು, ಮೂರನೆಯ ತಿಂಗಳು ಬ್ರೇಕು ಬಿಚ್ಚಿ ನೋಡುವುದು. ಕವಿಗೋಷ್ಠಿಗೆ ಒದಗಿಸುವ ಖರ್ಚಿನ ಕಾಲುಭಾಗ ಸಾಕು. ಇದನ್ನು ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ. ಬರೆಯುವ ಮೊದಲು ಒಮ್ಮೆ ತಮ್ಮ ವಾಹನದ ಬ್ರೇಕ್ ಆಯಿಲ್ ಎಷ್ಟಿದೆ ನೋಡಿ ಬರಲಿ.