ತೋಟದ ಲೆಕ್ಕದಲ್ಲಿ ನಷ್ಟಕ್ಕೂ ಸ್ಥಾನವಿರಲಿ

ಸಾವಯವ ಗೊಬ್ಬರವೊಂದನ್ನೇ ನಂಬಿ ಋತುಧರ್ಮವನ್ನು ಮರೆತವರಿಗೆ ಶಾಲಾತೋಟವು ಒಲಿಯದು. ಮಳೆಗಾಲದಲ್ಲಿ ಸೊಂಪಾಗಿ ಕಾಯ್ತ ಬೆಂಡೆಯೇ, ಬಿಸಿಲೇರಿ ಬಿಳಿನೊಣಗಳು ಹೆಚ್ಚಿದಾಗ, ಅವು ಹರಡುವ ಹಳದಿ ನಂಜುರೋಗಕ್ಕೆ ತುತ್ತಾಗುತ್ತದೆ. ಮಾಗಿಯಲ್ಲಿ ಹೂತ ಮಾವು, ಮೋಡ ಕವಿದರೆ ಜಿಗಿಹುಳುವಿಗೂ ಬೂದಿರೋಗಕ್ಕೂ ಈಡಾಗುವುದುಂಟು. ಲೀಟರು ನೀರಿಗೆ 50 ಗ್ರಾಂ ಬೇವಿನಬೀಜದ ತಿರುಳು ಬೆರೆಸಿದ ಕಷಾಯವು ಕೀಟಗಳನ್ನು ತಡೆದೀತು; ನಂಜು ತಗುಲಿದ ಗಿಡವನ್ನು ಮಾತ್ರ ಗುಣಪಡಿಸದು. ಅದನ್ನು ಕಿತ್ತು ನಾಶಪಡಿಸುವುದೇ ಮಾರ್ಗ.

ಆದರೆ ನಮ್ಮ ವರದಿಗಳಲ್ಲಿ ತುಂಬಿದ ಬುಟ್ಟಿಗಳಿರುತ್ತವೆ, ಕಿತ್ತ ಗಿಡಗಳ ಸುದ್ದಿಯಿರುವುದಿಲ್ಲ. ಮುಚ್ಚಿಟ್ಟ ನಷ್ಟವು ಮರುವರ್ಷ ಮರುಕಳಿಸಿ, ಎದೆಗುಂದಿದವರನ್ನು ವಿಷದ ಡಬ್ಬಿಯತ್ತ ದೂಡುತ್ತದೆ. ಆದುದರಿಂದ ಬಿತ್ತಿದ ದಿನ, ಬಂದ ಫಲ, ಸತ್ತ ಗಿಡ — ಈ ಮೂರನ್ನೂ ವಿದ್ಯಾರ್ಥಿಗಳು ದಿನಚರಿಯಲ್ಲಿ ಬರೆಯಲಿ, ಅಧ್ಯಾಪಕರು ತಿದ್ದಲಿ, ದಾನಿಗಳು ಬುಟ್ಟಿಯನ್ನು ನೋಡುವ ಮುನ್ನ ಆ ಪುಟಗಳನ್ನು ಕೇಳಿ ಓದಲಿ.